ಹೆಪ್ಪು ಕದಡದಿರಲಿ

ಹಲ್ಲಿನ ಆಸ್ಪತ್ರೆಯಿಂದ ಹೊರಡುವಾಗ ಒಂದು ಚೀಟಿ ಕೊಡುತ್ತಾರೆ. ಅರ್ಧ ಗಂಟೆ ಹತ್ತಿ ಕಚ್ಚಿಕೊಂಡಿರಿ. ಉಗುಳಬೇಡಿ. ಸ್ಟ್ರಾ ಹಾಕಿ ಕುಡಿಯಬೇಡಿ. ಇವತ್ತು ಬಾಯಿ ಮುಕ್ಕಳಿಸಬೇಡಿ, ನಾಳೆಯಿಂದ ಉಪ್ಪುನೀರು. ಬಿಸಿ ಬೇಡ, ಖಾರ ಬೇಡ. ಹೀಗೆ ಹತ್ತು ಹನ್ನೆರಡು ಸಾಲು. ಮಾತ್ರೆ ಬರೆದ ಚೀಟಿಯ ಜೊತೆ ಅದನ್ನೂ ಮಡಿಚಿ ಪರ್ಸಿಗೆ ಸೇರಿಸುತ್ತೇವೆ. ಮಾತ್ರೆಯನ್ನು ಲೆಕ್ಕವಿಟ್ಟು ನುಂಗುತ್ತೇವೆ, ಇನ್ನೊಂದು ಚೀಟಿಯನ್ನು ತೆರೆದು ನೋಡುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನನ್ನ ತಂಗಿಯ ಮಗಳಿಗೆ ಬಾಯೊಳಗೆ ಸಣ್ಣದೊಂದು ಶಸ್ತ್ರಚಿಕಿತ್ಸೆ ಆದಾಗ ಆ ಚೀಟಿ ನನ್ನ ಕೈಗೆ ಬಂತು. ಏನು ಮಾಡಬೇಕು, ಏನು ಮಾಡಬಾರದು ಎಂದು ಅದರಲ್ಲಿತ್ತು. ಯಾಕೆ ಎಂದು ಇರಲಿಲ್ಲ. ಯಾಕೆಂದು ತಿಳಿಯದ ಮಾತನ್ನು ಮನೆಯಲ್ಲಿ ಯಾರೂ ಎರಡನೇ ದಿನಕ್ಕೆ ಪಾಲಿಸುವುದಿಲ್ಲ.

ಹುಡುಗಿಗೆ ಹದಿನಾಲ್ಕು. ಹಲ್ಲಿಗೆ ಕ್ಲಿಪ್ ಹಾಕಿಸಲು ಹೋದಾಗ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಬಾಯಿಗೆ ಬಂದೇ ಇರಲಿಲ್ಲ. ಆ ಜಾಗದಲ್ಲಿ ಇನ್ನೂ ಹಾಲುಹಲ್ಲೇ ಕೂತಿತ್ತು. ನಿಜವಾದ ಕೋರೆಹಲ್ಲು ಬಾಯಿಯ ಅಂಗಳದ ಮೂಳೆಯೊಳಗೆ ಓರೆಯಾಗಿ ಮಲಗಿತ್ತು. ಇದು ಅಷ್ಟೇನೂ ಅಪರೂಪವಲ್ಲ, ನೂರಕ್ಕೆ ಒಬ್ಬಿಬ್ಬರಲ್ಲಿ ಕಾಣುತ್ತದೆ, ಹುಡುಗಿಯರಲ್ಲಿ ಹೆಚ್ಚು. ಮೇಲಿನ ಕೋರೆಹಲ್ಲು ಹುಟ್ಟುವುದು ಮೂಗಿನ ಪಕ್ಕದಷ್ಟು ಎತ್ತರದಲ್ಲಿ. ಬೇರಿನ ಉದ್ದದಲ್ಲಿ ಅದನ್ನು ಮೀರಿಸುವ ಹಲ್ಲು ಬಾಯಲ್ಲಿ ಇನ್ನೊಂದಿಲ್ಲ. ಅಷ್ಟು ದೂರದಿಂದ ಇಳಿದು, ಹನ್ನೊಂದು ಹನ್ನೆರಡನೇ ವಯಸ್ಸಿಗೆ, ಅಕ್ಕಪಕ್ಕದವೆಲ್ಲ ಜಾಗ ಹಿಡಿದ ಮೇಲೆ ಅದು ಬರಬೇಕು. ದಾರಿ ತಪ್ಪಲು ಬೇಕಾದಷ್ಟು ಅವಕಾಶ. ಒಂಬತ್ತು ಹತ್ತು ವರ್ಷದ ಮಗುವಿನ ಮೇಲ್ದವಡೆಯ ಒಸಡನ್ನು ಬೆರಳಿನಿಂದ ಒತ್ತಿ ನೋಡಿದರೆ ಕೋರೆಹಲ್ಲಿನ ಉಬ್ಬು ಸಿಗಬೇಕು. ಸಿಗದಿದ್ದರೆ ಆಗಲೇ ತೋರಿಸುವುದು ಒಳ್ಳೆಯದು. ಸ್ವೀಡನ್ನಿನ ಎರಿಕ್‌ಸನ್ ಮತ್ತು ಕುರೊಲ್ ಎಂಬ ಇಬ್ಬರು ಹೀಗೆ ದಾರಿ ತಪ್ಪಿದ 46 ಕೋರೆಹಲ್ಲುಗಳ ಜಾಗದಲ್ಲಿದ್ದ ಹಾಲುಹಲ್ಲನ್ನು ಮಾತ್ರ ಕಿತ್ತು ಕಾದು ನೋಡಿದರು. 36 ಹಲ್ಲುಗಳು ತಾವಾಗಿಯೇ ಸರಿದಾರಿಗೆ ಬಂದವೆಂದು 1988ರಲ್ಲಿ ಬರೆದರು. ನಮ್ಮ ಹುಡುಗಿಯ ವಿಷಯದಲ್ಲಿ ಆ ಕಾಲ ಮೀರಿತ್ತು.

ಕ್ಲಿಪ್ ಚಿಕಿತ್ಸೆಗಾಗಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆಗಳು ಹಲವು. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಹಲ್ಲುಗಳು ಒತ್ತೊತ್ತಾಗಿದ್ದಾಗ ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲುಗಳನ್ನು ಕಿತ್ತು ಜಾಗ ಮಾಡುವುದು. ಮುಂದಿನ ಎರಡು ಹಲ್ಲುಗಳ ನಡುವೆ ಇಳಿದಿರುವ ತುಟಿಯ ಪಟ್ಟಿಯನ್ನು ಕತ್ತರಿಸುವುದುಂಟು, ಮೂಳೆಗೆ ಪುಟ್ಟ ಸ್ಕ್ರೂ ಹಾಕುವುದುಂಟು. ನಮ್ಮವಳಿಗೆ ಆದದ್ದು ಹಾಲುಹಲ್ಲನ್ನು ಕಿತ್ತು, ಅಂಗಳದ ಒಸಡನ್ನು ಬಿಡಿಸಿ, ಮೇಲಿದ್ದ ತೆಳು ಮೂಳೆಯನ್ನು ತೆಗೆದು, ಅಡಗಿದ್ದ ಕೋರೆಹಲ್ಲಿಗೆ ಒಂದು ಗುಂಡಿ ಅಂಟಿಸಿದ್ದು. ಆ ಗುಂಡಿಗೆ ಕೂದಲೆಳೆಯಂಥ ಚಿನ್ನದ ಬಣ್ಣದ ಸರಪಳಿ. ಒಸಡನ್ನು ಮತ್ತೆ ಮುಚ್ಚಿ ಹೊಲಿದು, ಸರಪಳಿಯ ತುದಿಯನ್ನು ಹೊರಗೆ ಬಿಟ್ಟು ಕ್ಲಿಪ್ಪಿನ ತಂತಿಗೆ ಕಟ್ಟಿದರು. ಮುಂದೆ ತಿಂಗಳುಗಟ್ಟಲೆ ಆ ಸರಪಳಿಯೇ ಹಲ್ಲನ್ನು ಕೆಳಗೆ ಎಳೆಯಬೇಕು.

ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಗಾಯ ಮಾಯ್ದರೆ ಕತೆ ಮುಗಿಯಿತು. ಇಲ್ಲಿ ಗಾಯ ಮಾಯುವಾಗ ಕತೆ ಶುರು. ಆ ಜಾಗದ ಮೂಳೆಯ ಮೂಲಕವೇ ಇನ್ನೊಂದು ಹಲ್ಲು ನಡೆದು ಬರಬೇಕು. ಹಾಗಾಗಿ ಚೀಟಿಯ ಆ ಸಾಲುಗಳು ನೋವು ಕಡಿಮೆ ಮಾಡುವುದಕ್ಕಷ್ಟೇ ಅಲ್ಲ, ದಾರಿ ಕೆಡದಂತೆ ನೋಡಿಕೊಳ್ಳುವುದಕ್ಕೂ ಹೌದು.

ಮನೆಗೆ ಬಂದ ಕೂಡಲೇ ಹುಡುಗಿಯ ಬಾಯಿ ತುಂಬ ಕೆಂಪು ಎಂಜಲು. ನನ್ನ ಅಮ್ಮ ಬಚ್ಚಲಿನ ಬಾಗಿಲು ತೆಗೆದು, "ಉಗುಳಿಬಿಡು ಮಗಾ, ಕೆಟ್ಟ ರಕ್ತ ಹೊರಗೆ ಹೋಗ್ಲಿ" ಅಂದರು. ಹುಡುಗಿ ನನ್ನ ಕಡೆ ನೋಡಿದಳು. ಬಾಯಲ್ಲಿ ಹತ್ತಿ, ಮಾತಾಡುವಂತಿಲ್ಲ.

ನಾನು ಅಮ್ಮನಿಗೆ ಹೇಳಿದ್ದು ಅವರಿಗೇ ಚೆನ್ನಾಗಿ ಗೊತ್ತಿರುವ ವಿಷಯವನ್ನು. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟ ಮೇಲೆ ಪಾತ್ರೆಯನ್ನು ಯಾರಾದರೂ ಮುಟ್ಟಿದರೆ ಅಮ್ಮ ಸುಮ್ಮನಿರುವವರಲ್ಲ. ಅಲುಗಾಡಿಸಿದರೆ ಮೊಸರು ಕೂರುವುದಿಲ್ಲ, ನೀರೊಡೆಯುತ್ತದೆ. ರಕ್ತಕ್ಕೂ ನಾವು ಅದೇ ಪದ ಬಳಸುತ್ತೇವೆ, ಹೆಪ್ಪುಗಟ್ಟಿತು ಅನ್ನುತ್ತೇವೆ. ಈ ಎರಡರ ಹೋಲಿಕೆ ಹೆಸರಿಗೆ ಮುಗಿಯುವುದಿಲ್ಲ. ಹಾಲಿನಲ್ಲಿ ತೇಲುತ್ತಿದ್ದ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಕೈಹಿಡಿದು ಬಲೆಯಾದಾಗ ಮೊಸರಾಗುತ್ತದೆ. ರಕ್ತದಲ್ಲಿ ಕರಗಿದ್ದ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಬಲೆ ನೇಯ್ದಾಗ ಹೆಪ್ಪಾಗುತ್ತದೆ. ಎರಡು ಬಲೆಗಳೂ ಮೊದಮೊದಲು ತೀರ ಮೆತ್ತಗೆ. ಎರಡಕ್ಕೂ ಬೇಕಾದದ್ದು ಸ್ವಲ್ಪ ಹೊತ್ತು ಯಾರೂ ಮುಟ್ಟದೆ ಬಿಡುವುದು.

ಹಲ್ಲು ಕಿತ್ತಾಗ ಬೇರಿನ ಸುತ್ತಲ ನಾರಿನ ಪದರವೂ ಅದರೊಳಗಿನ ನೂರಾರು ಸೂಕ್ಷ್ಮ ರಕ್ತನಾಳಗಳೂ ಹರಿಯುತ್ತವೆ. ಹರಿದ ನಾಳಗಳು ತಕ್ಷಣ ಮುದುಡಿಕೊಳ್ಳುತ್ತವೆ, ಪ್ಲೇಟ್‌ಲೆಟ್ ಎಂಬ ರಕ್ತಕಣಗಳು ಬಂದು ನಾಳಗಳ ಬಾಯಿಗೆ ಅಂಟಿಕೊಳ್ಳುತ್ತವೆ, ಅವುಗಳ ಮೇಲೆ ಫೈಬ್ರಿನ್ ಬಲೆ ಬೀಳುತ್ತದೆ. ಹತ್ತಿ ಕಚ್ಚಿಸುವುದು ರಕ್ತ ಹೀರಿಕೊಳ್ಳಲಿ ಎಂದಲ್ಲ. ಆ ಒತ್ತಡ ನಾಳಗಳ ಬಾಯಿಯನ್ನು ಹಿಸುಕಿ ಹಿಡಿದು, ಬಲೆ ನೇಯಲು ಸಮಯ ಕೊಡುತ್ತದೆ. ನಿಂತಿತೇ ಎಂದು ಎರಡೆರಡು ನಿಮಿಷಕ್ಕೆ ಹತ್ತಿ ತೆಗೆದು ನೋಡುವವರು, ಅಂಟಿಕೊಳ್ಳುತ್ತಿದ್ದ ಹೆಪ್ಪನ್ನೂ ಹತ್ತಿಯ ಜೊತೆ ಕಿತ್ತು ತೆಗೆಯುತ್ತಾರೆ. ಗಡಿಯಾರ ನೋಡಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿದರೆ ಹೆಚ್ಚಿನವರಿಗೆ ಅಷ್ಟೇ ಸಾಕು.

ಉಗುಳುವಾಗ ಕೆನ್ನೆಯನ್ನು ಒಳಕ್ಕೆ ಹೀರಿಕೊಳ್ಳುತ್ತೇವೆ. ಆ ಎಳೆತ ಹೆಪ್ಪಿನ ಮೇಲೂ ಬೀಳುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿದರೂ ಅದೇ. ಜೋರಾಗಿ ಮುಕ್ಕಳಿಸಿದರೂ ಅದೇ. ಹಾಗಾದರೆ ಬಾಯಲ್ಲಿರುವ ಎಂಜಲನ್ನು ಏನು ಮಾಡಬೇಕು? ನುಂಗಬೇಕು. ನೋಡುವವರಿಗೆ ರಕ್ತ ಬಹಳ ಹೋಗುತ್ತಿದೆ ಅನ್ನಿಸುವುದು ಎಂಜಲಿನಿಂದ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುವ ಬಾಯಲ್ಲಿ ಕೆಲವೇ ತೊಟ್ಟು ರಕ್ತ ಬೆರೆತರೂ ಎಲ್ಲವೂ ಕೆಂಪಾಗುತ್ತದೆ. ಮೊದಲ ದಿನ ಎಂಜಲಿನಲ್ಲಿ ನಸುಗೆಂಪು ಇರುವುದು ಸಹಜ. ತುಂಬ ರಕ್ತ ಬಂದರೆ ಮಾತ್ರ ಹೊಸ ಹತ್ತಿಯನ್ನು ಒದ್ದೆ ಮಾಡಿ ಹಿಂಡಿ, ಗಾಯದ ಮೇಲೆ ಸರಿಯಾಗಿ ಕೂರಿಸಿ, ಮತ್ತೆ ಅರ್ಧ ಗಂಟೆ ಕಚ್ಚಬೇಕು. ಆಗಲೂ ನಿಲ್ಲದಿದ್ದರೆ ರಾತ್ರಿಯಾಗಿದ್ದರೂ ಡಾಕ್ಟರಿಗೆ ಫೋನು ಮಾಡಬೇಕು.

ಮನೆಗೆ ಬಂದು ಎರಡು ಮೂರು ಗಂಟೆಯ ಮೇಲೆ ರಕ್ತ ಮತ್ತೆ ಜಿನುಗಿದರೆ ಹೆದರಬೇಕಿಲ್ಲ. ಮರಗಟ್ಟಲು ಕೊಟ್ಟ ಇಂಜೆಕ್ಷನ್ನಿನಲ್ಲಿ ಎರಡು ಔಷಧಿ ಇರುತ್ತವೆ. ಒಂದು ಲಿಗ್ನೊಕೇನ್, 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು, ನರದಲ್ಲಿ ನೋವಿನ ಸುದ್ದಿಯನ್ನು ತಡೆಯುತ್ತದೆ. ಇನ್ನೊಂದು ಅಡ್ರಿನಲಿನ್, ರಕ್ತನಾಳಗಳನ್ನು ಮುದುಡಿಸಿ ಲಿಗ್ನೊಕೇನ್ ಬೇಗ ತೊಳೆದುಹೋಗದಂತೆ ಹಿಡಿದಿಡುತ್ತದೆ. ಅಡ್ರಿನಲಿನ್ನಿನ ಪ್ರಭಾವ ಇಳಿದಾಗ ನಾಳಗಳು ಮತ್ತೆ ಹಿಗ್ಗುತ್ತವೆ. ಆ ಹೊತ್ತಿಗೆ ಗಟ್ಟಿಯಾದ ಹೆಪ್ಪು ಕೂತಿದ್ದರೆ ಒಂದಿಷ್ಟು ಜಿನುಗಿ ನಿಲ್ಲುತ್ತದೆ. ಮರಗಟ್ಟಿದ ತುಟಿಯ ಬಗ್ಗೆ ಚಿಕ್ಕ ಮಕ್ಕಳ ತಾಯಂದಿರು ಎಚ್ಚರ ವಹಿಸಬೇಕು. ವಿಚಿತ್ರವಾಗಿರುವ ತುಟಿಯನ್ನು ಮಕ್ಕಳು ಸುಮ್ಮನೆ ಜಗಿಯುತ್ತಾ ಕೂರುತ್ತಾರೆ, ಗೊತ್ತೇ ಆಗುವುದಿಲ್ಲ, ಸಂಜೆಗೆ ತುಟಿ ಊದಿಕೊಂಡು ಹುಣ್ಣಾಗಿರುತ್ತದೆ. ಬಿಸಿ ಕಾಫಿಯಿಂದ ಸುಟ್ಟುಕೊಂಡರೂ ಗೊತ್ತಾಗದು. ಮರಗಟ್ಟಿದ್ದು ಪೂರ್ತಿ ಬಿಡುವ ತನಕ ಜಗಿಯುವ ಆಹಾರ ಬೇಡ.

ನೋವಿನ ಮಾತ್ರೆಯನ್ನು ನೋವು ಶುರುವಾಗುವ ಮೊದಲೇ, ಮರಗಟ್ಟಿರುವಾಗಲೇ ಕೊಡಿ ಎಂದು ಡಾಕ್ಟರು ಹೇಳಿರುತ್ತಾರೆ. ಗಾಯವಾದ ಜಾಗದ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಿಸಿ ನೋವಿನ ನರಗಳನ್ನು ಚುರುಕು ಮಾಡುತ್ತವೆ. ಆಸ್ಪಿರಿನ್ ಜಾತಿಯ ಮಾತ್ರೆಗಳು ಈ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ನೊಬೆಲ್ ಬಂತು. ನೋವೆದ್ದ ಮೇಲೆ ಇಳಿಸುವುದಕ್ಕಿಂತ ಏಳದಂತೆ ತಡೆಯುವುದು ಸುಲಭ. ಆದರೆ ಆಸ್ಪಿರಿನ್ನನ್ನೇ ಮನೆಯ ಡಬ್ಬಿಯಿಂದ ತೆಗೆದು ಕೊಡಬಾರದು. ಅದು ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನು ಅವುಗಳ ಆಯಸ್ಸಿಡೀ ಕೆಡಿಸುತ್ತದೆ. ಜ್ವರವಿರುವ ಮಕ್ಕಳಲ್ಲಿ ಅದರಿಂದ ಬೇರೆ ಅಪಾಯವೂ ಇದೆ. ಕ್ಲಿಪ್ ಹಾಕುವ ಡಾಕ್ಟರುಗಳಲ್ಲಿ ಕೆಲವರು ಆಸ್ಪಿರಿನ್ ಜಾತಿಯದೇ ಆದ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್ ಬರೆಯುತ್ತಾರೆ. ಹಲ್ಲು ಮೂಳೆಯಲ್ಲಿ ಸರಿಯಲು ಅದೇ ಪ್ರೊಸ್ಟಗ್ಲಾಂಡಿನ್ ಬೇಕು, ದೀರ್ಘಕಾಲ ತಡೆದರೆ ಸರಿಯುವ ವೇಗ ಕುಗ್ಗುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಎರಡು ಮೂರು ದಿನ ನುಂಗಿದ್ದಕ್ಕೆ ಚಿಂತೆ ಬೇಡ.

ಆ ರಾತ್ರಿ ಅಮ್ಮ ಬಟ್ಟೆ ಕಾಯಿಸಿ ಕೆನ್ನೆಗೆ ಶಾಖ ಕೊಡಲು ಸಿದ್ಧರಾದರು. ಅದನ್ನೂ ತಡೆಯಬೇಕಾಯಿತು. ಮೊದಲ ದಿನ ಶಾಖ ಕೊಟ್ಟರೆ ನಾಳಗಳು ಹಿಗ್ಗಿ ಊತವೂ ಜಿನುಗುವುದೂ ಹೆಚ್ಚುತ್ತವೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಕೆನ್ನೆಗೆ ಹದಿನೈದು ನಿಮಿಷ, ಮತ್ತೆ ಅಷ್ಟೇ ಹೊತ್ತು ಬಿಡುವು. ಮಲಗುವಾಗ ಎರಡು ದಿಂಬು. ಇಷ್ಟು ಮಾಡಿದರೂ ಊತ ಎರಡನೇ ದಿನ, ಮೂರನೇ ದಿನ ಹೆಚ್ಚಾಗಿಯೇ ಕಾಣುತ್ತದೆ. ಆಮೇಲೆ ಇಳಿಯುತ್ತದೆ. ಇದು ಗೊತ್ತಿಲ್ಲದವರು ಎರಡನೇ ದಿನ ಕನ್ನಡಿ ನೋಡಿ ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದದ್ದು ಮೂರು ದಿನದ ನಂತರವೂ ಊತ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ. ನುಂಗಲು, ಉಸಿರಾಡಲು ಕಷ್ಟವಾದರಂತೂ ನಾಳೆ ನೋಡೋಣ ಅನ್ನಲೇಬಾರದು, ಆಗಲೇ ಆಸ್ಪತ್ರೆಗೆ ಹೋಗಬೇಕು.

ಬಾಯಿಯಷ್ಟು ಬ್ಯಾಕ್ಟೀರಿಯಾ ತುಂಬಿದ, ಸದಾ ಒದ್ದೆಯಾದ, ಒಂದು ಕ್ಷಣವೂ ಸುಮ್ಮನಿರದ ಜಾಗದಲ್ಲಿ ಗಾಯ ಮಾಯುವುದೇ ಅಚ್ಚರಿ. ಕೈಯ ಮೇಲೆ ಅಷ್ಟೇ ದೊಡ್ಡ ಗಾಯವಾದರೆ ಮಾಯಲು ಹೆಚ್ಚು ದಿನ ಬೇಕು, ಕಲೆಯೂ ಉಳಿಯುತ್ತದೆ. ಬಾಯೊಳಗೆ ಬೇಗ ಮಾಯುತ್ತದೆ, ಕಲೆ ಉಳಿಯುವುದು ಅಪರೂಪ. ನಾವು ಎಂಜಲು ಎಂದು ದೂರವಿಡುವ ದ್ರವಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಜೊಲ್ಲು ತೊಳೆಯುತ್ತದೆ, ಕೀಟಾಣುಗಳನ್ನು ಕೊಲ್ಲುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಅದರಲ್ಲಿ ಇನ್ನೂ ಒಂದು ವಸ್ತುವಿದೆ, ಅದು ಸಿಕ್ಕಿದ ರೀತಿ ನನಗೆ ತುಂಬ ಇಷ್ಟ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೊಹೆನ್, ರೀಟಾ ಲೆವಿ ಮೊಂಟಾಲ್ಚಿನಿಯವರ ಜೊತೆ ನರಗಳನ್ನು ಬೆಳೆಸುವ ಪ್ರೋಟೀನೊಂದನ್ನು ಹುಡುಕುತ್ತಿದ್ದರು. ಅದು ಇಲಿಯ ಜೊಲ್ಲುಗ್ರಂಥಿಯಲ್ಲಿ ಹೇರಳವಾಗಿತ್ತು. ಗ್ರಂಥಿಯ ರಸವನ್ನು ಆಗಷ್ಟೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಯಾರೂ ಎಣಿಸದ್ದು ನಡೆಯಿತು. ಎರಡು ವಾರಕ್ಕೆ ತೆರೆಯಬೇಕಾದ ಕಣ್ಣುಗಳು ಸುಮಾರು ಒಂದೇ ವಾರಕ್ಕೆ ತೆರೆದವು, ಮುಂದಿನ ಹಲ್ಲುಗಳು ಬೇಗ ಮೂಡಿದವು. ಕೊಹೆನ್ ಆ ಬೆರಗನ್ನು ಬಿಡದೆ ಹಿಂಬಾಲಿಸಿ, ಚರ್ಮದ ಜೀವಕೋಶಗಳನ್ನು ಬೆಳೆಸುವ ಇನ್ನೊಂದು ಪ್ರೋಟೀನನ್ನು 1962ರಲ್ಲಿ ಬೇರ್ಪಡಿಸಿದರು. ಇಂದು ಅದನ್ನು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. 1986ರ ನೊಬೆಲ್ ಇಬ್ಬರಿಗೂ ಸೇರಿ ಬಂತು. ನಮ್ಮ ಜೊಲ್ಲಿನಲ್ಲೂ ಅದಿದೆ. ಬಾಯಿಯ ಗಾಯದ ಅಂಚಿನಿಂದ ಹೊಸ ಪದರ ಹರಿದು ಬರಲು ಅದು ಒತ್ತಾಸೆಯಾಗುತ್ತದೆ. ಮೂಡದೇ ಉಳಿದ ಹಲ್ಲಿನ ಹುಡುಗಿಯ ಪಕ್ಕ ಕೂತು ಇದನ್ನು ಓದಿದಾಗ ನನಗೆ ಆದ ಸಂತೋಷವನ್ನು ಹೇಳಲಾರೆ.

ಮೂರನೇ ದಿನ ಬೆಳಿಗ್ಗೆ ಹುಡುಗಿ ಕನ್ನಡಿಯ ಮುಂದಿನಿಂದ ಕೂಗಿದಳು, "ದೊಡ್ಡಮ್ಮಾ, ಕೀವಾಗಿದೆ!" ಹಾಲುಹಲ್ಲು ಕಿತ್ತ ಗುಳಿಯ ಮೇಲೆ ಬಿಳಿ ಹಳದಿ ಪೊರೆ. ಅದು ಕೀವಲ್ಲ. ಹೆಪ್ಪಿನ ಮೇಲ್ಭಾಗದ ಫೈಬ್ರಿನ್, ಜೊಲ್ಲಿನಲ್ಲಿ ನೆನೆದು ಬಿಳಿಚಿಕೊಂಡಿರುತ್ತದೆ. ಅದರ ಅಡಿಯಲ್ಲಿ ಹೊಸ ರಕ್ತನಾಳಗಳು ಹೆಪ್ಪಿನೊಳಕ್ಕೆ ನುಗ್ಗುತ್ತಿರುತ್ತವೆ. ಫೈಬ್ರಿನ್ ಬಲೆಯೇ ಅವಕ್ಕೆ ಹತ್ತುವ ಚಪ್ಪರ. ಬೆಂಕಿಕಡ್ಡಿಯಿಂದಲೋ ಬ್ರಶ್ಶಿನಿಂದಲೋ ಆ ಪೊರೆಯನ್ನು ಕೆರೆದು ತೆಗೆದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೀವಾದರೆ ನೋವು ದಿನದಿನಕ್ಕೆ ಏರುತ್ತದೆ, ವಾಸನೆ ಬರುತ್ತದೆ, ಊತ ಬರುತ್ತದೆ. ಸುಮ್ಮನೆ ಕೂತ ಬಿಳಿ ಪೊರೆ ಗಾಯ ಮಾಯುತ್ತಿರುವ ಗುರುತು.

ಹೆಪ್ಪು ನಿಜವಾಗಿಯೂ ಹೋಗಿಬಿಟ್ಟರೆ? ಗುಳಿ ಖಾಲಿಯಾಗಿ ಒಳಗಿನ ಮೂಳೆ ಬರಿದಾಗುತ್ತದೆ. ಡಾಕ್ಟರುಗಳು ಡ್ರೈ ಸಾಕೆಟ್ ಎನ್ನುತ್ತಾರೆ. ಆ ಹೆಸರನ್ನು 1896ರಲ್ಲಿ ಬಳಕೆಗೆ ತಂದವರು ಅಮೆರಿಕದ ದಂತವೈದ್ಯ ಕ್ರಾಫರ್ಡ್. ಇಳಿಯುತ್ತಿದ್ದ ನೋವು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇದ್ದಕ್ಕಿದ್ದಂತೆ ಏರಿ ಕಿವಿಯವರೆಗೆ ಹರಿಯುತ್ತದೆ, ಮಾತ್ರೆಗೆ ಬಗ್ಗುವುದಿಲ್ಲ. ಹೆಪ್ಪನ್ನು ಕರಗಿಸುವ ಕಿಣ್ವಗಳು ಅತಿಯಾದಾಗಲೂ ಹೀಗಾಗುತ್ತದೆ ಎಂದು ಡೆನ್ಮಾರ್ಕಿನ ಬಿರ್ನ್ 1970ರ ದಶಕದಲ್ಲಿ ವಿವರಿಸಿದರು. ಅಂದರೆ ಎಲ್ಲ ತಪ್ಪೂ ರೋಗಿಯದಲ್ಲ. ಕೆಳಗಿನ ಬುದ್ಧಿಹಲ್ಲು ಕಿತ್ತವರಲ್ಲಿ, ಸಿಗರೇಟು ಸೇದುವವರಲ್ಲಿ ಇದು ಹೆಚ್ಚು. ಕ್ಲಿಪ್ಪಿಗಾಗಿ ಹಲ್ಲು ತೆಗೆಸಿದ ಮಕ್ಕಳಲ್ಲಿ ಅಪರೂಪ. ಬಂದರೆ ಡಾಕ್ಟರು ಗುಳಿಯನ್ನು ತೊಳೆದು ಲವಂಗದೆಣ್ಣೆಯ ಅಂಶವಿರುವ ಔಷಧಿ ತುಂಬುತ್ತಾರೆ, ನೋವು ಬೇಗ ಇಳಿಯುತ್ತದೆ. ಹಾಗೆಂದು ಮನೆಯಲ್ಲೇ ಲವಂಗದೆಣ್ಣೆ ಸುರಿಯಬಾರದು, ನೇರವಾಗಿ ತಾಗಿದರೆ ಒಸಡು ಸುಡುತ್ತದೆ. ಅರಿಸಿನ ಪುಡಿಯನ್ನೂ ಗುಳಿಗೆ ಒತ್ತುವುದು ಬೇಡ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಯಾರ ಪಾಠವೂ ಬೇಕಿಲ್ಲ. ಮೊದಲ ದಿನ ತಣ್ಣಗಿನ ರಾಗಿ ಅಂಬಲಿ, ಮಜ್ಜಿಗೆ, ಆರಿದ ಗಂಜಿ. ಮರುದಿನ ಮೆತ್ತಗೆ ಕಲಸಿದ ಮೊಸರನ್ನ, ಇಡ್ಲಿ. ಮಂಡ್ಯದ ಕಡೆಯವರಾದರೆ ಮುದ್ದೆ ಇದೆಯಲ್ಲ, ಅದನ್ನು ಹೇಗೂ ಜಗಿಯುವುದಿಲ್ಲ. ಆರಿಸಿ, ಖಾರವಿಲ್ಲದ ಸಾರಿನಲ್ಲಿ ಅದ್ದಿ ನುಂಗಿದರೆ ಹಲ್ಲಿಗೆ ಕೆಲಸವೇ ಇಲ್ಲ. ಮಂಡಕ್ಕಿ, ಚಕ್ಕುಲಿ, ಕಡಲೆಬೀಜದ ಚೂರುಗಳು ಗುಳಿಯಲ್ಲಿ ಸೇರಿಕೊಳ್ಳುತ್ತವೆ, ಕ್ಲಿಪ್ಪನ್ನೂ ಕೀಳುತ್ತವೆ. ಎಲೆಅಡಿಕೆ, ತಂಬಾಕು ಗಾಯ ಮಾಯುವವರೆಗಾದರೂ ಬೇಡ.

ಎರಡನೇ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ತುಟಿ ತೆರೆದು ತಾನಾಗಿ ಬಿದ್ದುಹೋಗಲು ಬಿಡುವುದು. ಗಾಯದ ಮೇಲೆ ಬ್ರಶ್ ಆಡಿಸಬಾರದು. ಉಳಿದ ಹಲ್ಲುಗಳನ್ನು, ಅದರಲ್ಲೂ ಕ್ಲಿಪ್ಪಿನ ಸುತ್ತ, ಮೊದಲಿಗಿಂತ ಚೆನ್ನಾಗಿ ಉಜ್ಜಬೇಕು. ನೋವೆಂದು ಇಡೀ ಬಾಯಿಯನ್ನು ಬಿಟ್ಟುಬಿಡುವ ಮಕ್ಕಳಲ್ಲಿ ವಾರದೊಳಗೆ ಒಸಡು ಊದಿರುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಮೌತ್‌ವಾಶ್ ಬರೆದಿದ್ದರೆ ಪೇಸ್ಟಿನ ನೊರೆಗೂ ಅದಕ್ಕೂ ಅರ್ಧ ಗಂಟೆ ಅಂತರವಿರಲಿ, ಪೇಸ್ಟು ಅದರ ಶಕ್ತಿ ಕುಂದಿಸುತ್ತದೆ. ಡಾಕ್ಟರು ಹೇಳಿದ ದಿನಕ್ಕಿಂತ ಹೆಚ್ಚು ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ.

ಸರಪಳಿ ನಾಲಿಗೆಗೆ ಸದಾ ತಾಗುತ್ತಿರುತ್ತದೆ. ನಾಲಿಗೆ ಅದರ ಜೊತೆ ಆಡಬಾರದು, ಬೆರಳಂತೂ ಮುಟ್ಟಲೇಬಾರದು. ಚುಚ್ಚಿದರೆ ಕ್ಲಿಪ್ ಡಾಕ್ಟರು ಕೊಡುವ ಮೇಣವನ್ನು ಉಂಡೆ ಮಾಡಿ ಮೆತ್ತಬಹುದು. ತುದಿ ತಂತಿಯಿಂದ ಬಿಟ್ಟುಕೊಂಡರೆ ಎಳೆಯದೆ ಅಂದೇ ಫೋನು ಮಾಡಬೇಕು. ಒಳಗೆ ಅಂಟಿಸಿದ ಗುಂಡಿ ಕಿತ್ತುಬಂದರೆ ಮತ್ತೆ ಒಸಡು ಬಿಡಿಸಬೇಕಾದೀತು. ಕೆಲವರಿಗೆ ಸರಪಳಿ ಹಾಕದೆ, ಅಂಗಳದಲ್ಲಿ ಕಿಟಕಿಯಂತೆ ಒಸಡನ್ನು ಕತ್ತರಿಸಿ, ಅದು ಮುಚ್ಚಿಹೋಗದಂತೆ ಗುಲಾಬಿ ಬಣ್ಣದ ಮೆತ್ತೆ ಇಟ್ಟು ಕಳಿಸುತ್ತಾರೆ. ಅವರ ಪಾಡು ನಮಗಿಂತ ತಿರುಗುಮುರುಗು, ಗಾಯ ಮುಚ್ಚಿಕೊಳ್ಳಬಾರದು. ದೇಹ ತನ್ನ ಸ್ವಭಾವದಂತೆ ಒಂದೆರಡು ವಾರದಲ್ಲಿ ಕಿಟಕಿಯನ್ನು ಕಿರಿದು ಮಾಡುತ್ತಾ ಬರುತ್ತದೆ. ಹಾಗಾಗಿ ಮೆತ್ತೆ ಬೇಗ ಬಿದ್ದುಹೋದರೆ, ನೋವಿಲ್ಲದಿದ್ದರೂ, ಡಾಕ್ಟರಿಗೆ ಹೇಳಲೇಬೇಕು.

ವಾರಕ್ಕೆ ಹೊಲಿಗೆ ಬಿಚ್ಚಿದರು. ಇಲ್ಲಿಗೆ ಮುಗಿಯಿತು ಎಂದು ಬಹಳ ಮಂದಿ ತಿಳಿಯುತ್ತಾರೆ. ನನಗೆ ಪರಿಚಯದ ಕಾಲೇಜು ಹುಡುಗನೊಬ್ಬ ಕ್ಲಿಪ್ಪಿಗಾಗಿ ನಾಲ್ಕು ಹಲ್ಲು ಕೀಳಿಸಿಕೊಂಡು, ಬೇರೆ ಊರಿನ ಹಾಸ್ಟೆಲಿಗೆ ಹೋಗಿ, ವರ್ಷದ ಮೇಲೆ ತಂತಿ ಬಿಗಿಸಲು ಬಂದ. ಅಷ್ಟರಲ್ಲಿ ಗುಳಿಗಳ ಜಾಗದ ಮೂಳೆ ಕಿರಿದಾಗಿತ್ತು. ಕೀಳಿಸಿದ ಎರಡನೇ ವಾರದಿಂದ ಗುಳಿಯಲ್ಲಿ ಹೊಸ ಮೂಳೆ ಮೂಡುತ್ತದೆ, ಎರಡು ತಿಂಗಳ ಹೊತ್ತಿಗೆ ಬಹುಪಾಲು ತುಂಬುತ್ತದೆ. ಆದರೆ ಅದೇ ಕಾಲದಲ್ಲಿ ಹೊರಗೋಡೆ ಸವೆಯುತ್ತಾ ಹೋಗುತ್ತದೆ, ಏಕೆಂದರೆ ಹಲ್ಲಿಲ್ಲದ ಕಡೆ ಅಷ್ಟು ಅಗಲದ ಮೂಳೆಯನ್ನು ದೇಹ ಉಳಿಸಿಕೊಳ್ಳುವುದಿಲ್ಲ. ದವಡೆಯ ಹಿಂಭಾಗದ ಹಲ್ಲು ಕೀಳಿಸಿಕೊಂಡ 46 ಮಂದಿಯನ್ನು ಒಂದು ವರ್ಷ ಅಳೆದ ಡೆನ್ಮಾರ್ಕಿನ ಸಂಶೋಧಕರು, ಆ ಜಾಗದ ಅಗಲ ಸುಮಾರು ಅರ್ಧಕ್ಕೆ ಇಳಿಯಿತೆಂದೂ, ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ ಹೋಯಿತೆಂದೂ 2003ರಲ್ಲಿ ವರದಿ ಮಾಡಿದರು. ಹಲ್ಲು ನಡೆಯಬೇಕಾದ ರಸ್ತೆ ಕಾಲುದಾರಿಯಾದಂತೆ. ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ, ಕಿತ್ತ ಹಲ್ಲಿನ ಜಾಗ ಏಳು ಮಿಲಿಮೀಟರ್. ಡಾಕ್ಟರು ಬರಹೇಳಿದ ದಿನ ಹೋಗುವುದೂ ಆ ಚೀಟಿಯ ಒಂದು ಸಾಲೇ. ಅದನ್ನು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು ಎಂದು ನನಗನ್ನಿಸುತ್ತದೆ.

ನಮ್ಮ ಹುಡುಗಿ ಪ್ರತಿ ತಿಂಗಳೂ ಹೋಗುತ್ತಿದ್ದಾಳೆ. ಹಲ್ಲು ಕೆಳಗಿಳಿದಂತೆ ಡಾಕ್ಟರು ಸರಪಳಿಯ ಒಂದೊಂದೇ ಕೊಂಡಿಯನ್ನು ಕತ್ತರಿಸಿ ಮತ್ತೆ ಕಟ್ಟುತ್ತಾರೆ. ಕತ್ತರಿಸಿದ ಕೊಂಡಿಗಳನ್ನು ಅವಳು ಕೇಳಿ ತಂದು, ಅಜ್ಜಿಯ ಏಲಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಹೋದ ವಾರ ಫೋನು ಮಾಡಿ, ಅಂಗಳದಲ್ಲಿ ನಾಲಿಗೆಗೆ ಏನೋ ಚೂಪಾಗಿ ತಾಗುತ್ತಿದೆ, ಸರಪಳಿಯಲ್ಲ ಅಂದಳು.